ಉಂಡು ಹಿಡಿದ ವಾರ

"ಸೋರದ ಸ್ಲ್ಯಾಬಿಗೆ ಡಾಂಬರ್ ಯಾಕ್ರಿ ಮೇಡಂ?"

ಎದುರಿನ ಕುರ್ಚಿಯಲ್ಲಿ ಕುಳಿತಿದ್ದ ಹೆಣ್ಣುಮಗಳು ಹೀಗೆ ಕೇಳಿದಳು. ಅವಳು ಬಾಗಲಕೋಟೆ ಕಡೆಯವಳು, ಭಾಂಡುಪಿನ ಗುಡ್ಡದ ಮೇಲಿನ ಚಾಳಿನಲ್ಲಿ ಇರುವವಳು, ಬಿಲ್ಡಿಂಗ್ ಕೆಲಸದಲ್ಲಿ ಸಿಮೆಂಟು ತುಂಬಿದ ಕಬ್ಬಿಣದ ಬುಟ್ಟಿ, ಘಮೇಲಾ, ಹೊರುವವಳು. ನಾನು ಒಂದು ಮುನಿಸಿಪಾಲ್ಟಿ ಆಸ್ಪತ್ರೆಯ ಎಚ್‌ಐವಿ ಚಿಕಿತ್ಸಾ ಕೇಂದ್ರದಲ್ಲಿ ಕೌನ್ಸೆಲರ್. ಎಚ್‌ಐವಿಯ ದಿನದ ಗುಳಿಗೆಯನ್ನು ಅವಳು ಕೆಲವು ವರ್ಷಗಳಿಂದ ತಪ್ಪದೆ ನುಂಗುತ್ತಿದ್ದಳು. ಆ ದಿನ ನಾನು, ಅದರ ಜೊತೆಗೆ ಟಿಬಿ ಬರದ ಹಾಗೆ ತಡೆಯುವ ಇನ್ನೊಂದು ಔಷಧ ಶುರು ಮಾಡೋಣ ಅಂದಿದ್ದೆ. ಟಿಬಿ ಇಲ್ಲ ಅಂತ ನೀವೇ ಹೇಳುತ್ತೀರಿ, ಇಲ್ಲದ ಬೇನೆಗೆ ಗುಳಿಗೆ ಯಾಕೆ ಅನ್ನುವುದು ಅವಳ ತಕರಾರು.

ನನ್ನ ಮೇಜಿನ ಮೇಲೆ ಒಂದು ಫಲಕವಿದೆ. ಹೆಸರಿನ ಮುಂದೆ ಎಂ.ಎಸ್‌.ಡಬ್ಲ್ಯು. ಅಂತ ಬರೆದಿದೆ. ಅವಳ ಕಡೆಯಿಂದಲೇ ಬಂದು ಬೊರಿವಲಿಯ ಬಿಲ್ಡಿಂಗುಗಳಿಗೆ ಕಲ್ಲು, ರೇತಿ ಹೊತ್ತವರ ಮಗಳು ನಾನು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವಳು ನಾನೇ ಮೊದಲು. ಬೆಳಿಗ್ಗೆ ಘಾಟ್ಕೋಪರಿನ ಉಡುಪಿ ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟಿ, ಮಧ್ಯಾಹ್ನ ಕಾಲೇಜಿಗೆ ಓಡಿ ಸಂಪಾದಿಸಿದ ಮೂರು ಅಕ್ಷರ ಅವು. ಆ ಫಲಕವನ್ನು ಬೇರೆಯವರಿಗೆ ಬಿಡದೆ ನಾನೇ ಒರೆಸುತ್ತೇನೆ. ಡಾಂಬರು, ಸ್ಲ್ಯಾಬು ನನಗೂ ಗೊತ್ತಿರುವ ಲೋಕವೇ. ಆದ್ದರಿಂದ ಅವಳ ಮಾತನ್ನೇ ಹಿಡಿದು ಕೇಳಿದೆ.

"ಡಾಂಬರ್ ಯಾವಾಗ ಬಡೀತೀರಿ?"

"ಮೇ ತಿಂಗಳಾಗ."

"ಆವಾಗ ಸ್ಲ್ಯಾಬ್ ಸೋರತಿರತೈತೇನು?"

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮಳೆ ಜೂನಿನಲ್ಲಿ ಬರುತ್ತದೆ ಅನ್ನುವುದನ್ನು ಅವಳಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಓದುಗರಿಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ತುಂಬಿದ ಲೋಕಲ್ ರೈಲಿನಲ್ಲಿ, ಕಿಟಕಿಯಿಲ್ಲದ ಖೋಲಿಯಲ್ಲಿ, ಯಾರೋ ಕೆಮ್ಮಿದ ಗಾಳಿಯನ್ನು ಒಳಗೆಳೆದುಕೊಂಡೇ ಈ ಊರು ಬದುಕುತ್ತದೆ. ಹಾಗೆ ಒಳಗೆ ಹೋದ ಟಿಬಿ ಕ್ರಿಮಿ ಎಷ್ಟೋ ಜನರ ಎದೆಯಲ್ಲಿ ಜೀವಮಾನವಿಡೀ ಮಲಗಿಯೇ ಇರುತ್ತದೆ. ಎಚ್‌ಐವಿ ಇರುವವರ ಮೈಯಲ್ಲಿ ಕಾವಲು ಸಡಿಲ, ಹಾಗಾಗಿ ಅದು ಎದ್ದು ಕೂರುವ ಅಪಾಯ ಹೆಚ್ಚು. ಎದ್ದಿತೆಂದರೆ ಆ ಜೀವಕ್ಕೆ ಅದರಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಅದಕ್ಕೇ ಮಲಗಿದ್ದಾಗಲೇ ಅದನ್ನು ಮುಗಿಸುವ ಔಷಧ. ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತೇವೆ: ಕೆಮ್ಮು ಇದೆಯೇ, ಜ್ವರ ಬರುತ್ತದೆಯೇ, ಮೈ ಇಳಿದಿದೆಯೇ, ರಾತ್ರಿ ಬೆವರುತ್ತೀರಾ. ನಾಲ್ಕಕ್ಕೂ ಇಲ್ಲ ಅಂದರೆ, ಎದೆಯ ಎಕ್ಸ್‌ರೇ, ಯಕೃತ್ತಿನ ರಕ್ತಪರೀಕ್ಷೆ ಸರಿಯಾಗಿದ್ದರೆ ಮಾತ್ರ ಶುರು. ಹಿಂದೆ ದಿನಕ್ಕೊಂದರಂತೆ ಆರು ತಿಂಗಳು ನುಂಗಬೇಕಿತ್ತು. ಆಗಷ್ಟೇ ನಮ್ಮ ಕೇಂದ್ರಕ್ಕೆ ಹೊಸ ಕ್ರಮ ಬಂದಿತ್ತು: ಅಂಗೈ ತುಂಬ ಗುಳಿಗೆ, ವಾರಕ್ಕೆ ಒಂದೇ ಸಲ, ಹನ್ನೆರಡು ವಾರ. ತರಬೇತಿಯಲ್ಲಿ ಮೊದಲ ಬಾರಿ ಇದನ್ನು ಕೇಳಿದಾಗ ನಾನು ನಂಬದೆ ಇನ್ನೊಮ್ಮೆ ಕೇಳಿದ್ದೆ. ಜೀವಮಾನವಿಡೀ ಎದೆಯಲ್ಲಿ ಹೊಂಚು ಹಾಕುವ ಒಂದು ಬೇನೆಗೆ ಹನ್ನೆರಡು ತುತ್ತು. ನಮ್ಮ ಗಲ್ಲಿಯಲ್ಲಿ ಕೆಮ್ಮಿ ಕೆಮ್ಮಿ ಹೋದವರ ಮುಖಗಳು ನೆನಪಾಗಿದ್ದವು.

ಈ ಹೆಣ್ಣುಮಗಳ ಗಂಡನೂ ಹಾಗೆ ಹೋದವನೇ. ಗೋಡೆ ಕಟ್ಟುವ ಗವಂಡಿ ಕೆಲಸದವನು. ಟಿಬಿ ಬಂತು, ಔಷಧ ಶುರುವಾಯಿತು, ಎರಡು ತಿಂಗಳಲ್ಲಿ ಮೈ ತುಂಬಿಕೊಂಡಿತು, ಇನ್ನೇನು ಆರಾಮಾಯಿತಲ್ಲ ಅಂತ ಅರ್ಧಕ್ಕೆ ಬಿಟ್ಟ. ಮರಳಿ ಬಂದ ಬೇನೆ ಅವನನ್ನು ಬಿಡಲಿಲ್ಲ. ಅವನಿಗೆ ಎಚ್‌ಐವಿಯೂ ಇತ್ತು ಅನ್ನುವುದು ಕೊನೆಯ ದಿನಗಳಲ್ಲಿ ತಿಳಿಯಿತು, ಆಮೇಲೆ ಇವಳದೂ. ಈಗ ಖೋಲಿಯಲ್ಲಿ ಇರುವವರು ಇಬ್ಬರೇ, ಇವಳು ಮತ್ತು ಅತ್ತೆ. ಮಗ ಟಿಬಿಯಿಂದ ಸತ್ತ ಅನ್ನುವಷ್ಟು ಅತ್ತೆಗೆ ಗೊತ್ತು. ಸೊಸೆಯ ದಿನದ ಗುಳಿಗೆ ಬಿಪಿಯದು ಅಂತ ನಂಬಿದ್ದಾಳೆ. ಖೋಲಿ ಅತ್ತೆಯ ಹೆಸರಿನಲ್ಲಿದೆ. ನಿಜ ತಿಳಿದರೆ ಹೊರಗೆ ಹಾಕಿಯಾಳು ಎನ್ನುವ ಹೆದರಿಕೆ ಇವಳಿಗಿತ್ತು. ಅದಕ್ಕಿಂತ ದೊಡ್ಡ ಹೆದರಿಕೆ, ಈ ಊರಿನಲ್ಲಿ ತನ್ನವರು ಅಂತ ಉಳಿದಿರುವ ಒಂದೇ ಜೀವ ತನ್ನ ಕೈಯ ನೀರು ಮುಟ್ಟದೆ ಹೋದೀತು ಅನ್ನುವುದು. ಇದನ್ನು ಅವಳೇ ನನಗೆ ಹೇಳಿದ್ದಳು.

ಔಷಧಕ್ಕೆ ಒಪ್ಪಿದಳು. ವಾಂತಿ ಬಂದ ಹಾಗಾಗಬಹುದು, ಮೂತ್ರ ಕೆಂಪಗಾಗುತ್ತದೆ, ಹೆದರಬೇಡ, ಕಣ್ಣು ಹಳದಿಯಾದರೆ ಮಾತ್ರ ಅದೇ ದಿನ ಬಾ, ಖಾಲಿ ಹೊಟ್ಟೆಯಲ್ಲಿ ನುಂಗಬೇಡ, ಎಲ್ಲ ಹೇಳಿದೆ. ಕೊನೆಗೆ, ದಿನ ಮರೆಯಬಾರದಲ್ಲ ಅಂತ, ಮನೆಮಾತಿನಲ್ಲಿ ಒಂದು ಸಾಲು ಸೇರಿಸಿದೆ. "ನೆನಪಿರೂ ಹಂಗ ಒಂದು ವಾರ ಹಿಡೀರಿ. ಹನ್ನೆರಡು ವಾರ ಬಿಡಬ್ಯಾಡ್ರಿ."

"ಮಂಗಳವಾರ ಹಿಡೀತೀನ್ರಿ" ಅಂದಳು. ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಳು ಅಂತ ನನಗೆ ಖುಷಿ. ಅವಳ ಚೀಟಿಯ ಮೇಲೆ ಮಂಗಳವಾರ ಎಂದು ಬರೆದೆ.

ಮೊದಲ ವಾರ ಫೋನಿನಲ್ಲಿ ವಿಚಾರಿಸಿದೆ. ಸ್ವಲ್ಪ ಹೊಟ್ಟೆ ತೊಳಸಿತು, ಪರವಾಗಿಲ್ಲ ಅಂದಳು. ಖಾಲಿ ಹೊಟ್ಟೆಯಲ್ಲಿ ತಗೊಂಡಿಲ್ಲ ತಾನೆ ಅಂದರೆ, ಇಲ್ಲ ಅಂದಳು. ಎರಡನೆಯ ವಾರವೂ ಅದೇ ಮಾತು, ತಲೆ ತಿರುಗಿತು ಅನ್ನುವುದೊಂದು ಹೆಚ್ಚು. ಮೂರನೆಯ ಮಂಗಳವಾರ ಗುಳಿಗೆ ನುಂಗಿದ ಕೂಡಲೇ ವಾಂತಿಯಾಗಿತ್ತು. ಹಾಗೇ ಕೆಲಸಕ್ಕೆ ಹೋಗಿದ್ದಾಳೆ. ತಲೆಯ ಮೇಲೆ ಘಮೇಲಾ, ಇನ್ನೂ ಕಟಕಟೆ ಹಾಕದ ಮೆಟ್ಟಿಲು, ಅಲ್ಲಿ ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿ ಕೂತುಬಿಟ್ಟಿದ್ದಾಳೆ. ಘಮೇಲಾ ಮಾತ್ರ ಕೆಳಗೆ ಬಿತ್ತು. ಕೂಲಿಗಳ ಮೇಲ್ವಿಚಾರಕ ಮುಕಾದಮ ಬೈದು ಮನೆಗೆ ಕಳಿಸಿದ.

ಮರುದಿನ ನಮ್ಮಲ್ಲಿಗೆ ಬಂದಳು. ನಮ್ಮ ಡಾಕ್ಟರು ಮರಾಠಿಯವರು, ಮಾತು ಕಡಿಮೆ, ಕೈ ಬಹಳ ಮೆತ್ತಗೆ. ಕಣ್ಣು ಬಿಡಿಸಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ರಕ್ತ ತೆಗೆಸಿದರು. ಯಕೃತ್ತು ಸರಿಯಾಗಿಯೇ ಇತ್ತು. ವಾಂತಿಯಾದ ಆ ಮೂರನೆಯದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ ಅಂದರು. ಇವಳ ಮೈಗೆ ಒಗ್ಗದಿದ್ದರೆ ನಿಲ್ಲಿಸಿ ಹಳೆಯ ಕ್ರಮಕ್ಕೆ, ದಿನದ ಗುಳಿಗೆಗೆ, ಹಾಕೋಣ ಅಂತ ನನ್ನ ಕಡೆ ನೋಡಿದರು. ನಾನು ಅವಳನ್ನು ನನ್ನ ಮೇಜಿಗೆ ಕರೆದುಕೊಂಡು ಹೋಗಿ ಕೂರಿಸಿ, ಮಂಗಳವಾರ ಏನು ಉಂಡಿದ್ದೆ ಅಂತ ಕೇಳಿದೆ.

"ಮಂಗಳವಾರ ಎಲ್ಲಿ ಉಣ್ಣೂದ್ರಿ. ವಾರ ಅಲ್ಲೇನು?"

"ಯಾವ ವಾರ?"

"ಅದ ವಾರರಿ."

"ಅದ ಅಂದ್ರ ಯಾವುದು?"

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ನೀವ ಹಿಡಸಿದ್ದು."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ವಾರ ಅಂದರೆ ಏಳು ದಿನ ಅಂತ ನಾನು ಕಾಲೇಜಿನಲ್ಲಿ ಕಲಿತ ಕನ್ನಡ. ನಮ್ಮ ಮನೆಯ ಕನ್ನಡದಲ್ಲಿ ವಾರ ಅಂದರೆ ನೇಮ. "ಇವತ್ತ ವಾರ ಐತಿ" ಅಂದರೆ ಇವತ್ತು ಒಪ್ಪತ್ತು, ದೀಪ ಹಚ್ಚುವವರೆಗೆ ಊಟವಿಲ್ಲ, ಚಹಾ ನಡೆಯುತ್ತದೆ. "ವಾರ ಹಿಡಿ" ಅಂದರೆ ವ್ರತ ಹಿಡಿ. ಐದು ವಾರ, ಹನ್ನೊಂದು ವಾರ, ಹದಿನಾರು ಸೋಮವಾರ, ಹೀಗೆಲ್ಲ ಹಿಡಿಯುತ್ತಾರೆ. ನನ್ನ ಅಜ್ಜಿ ಜೀವಮಾನವೆಲ್ಲ ಯಾವುದಾದರೊಂದು ವಾರ ಹಿಡಿದೇ ಇದ್ದಳು. ಕುರ್ಚಿಯಲ್ಲಿ ಕೂತ ಮೇಡಂ ಒಬ್ಬಳು, ಒಂದು ವಾರ ಹಿಡಿ, ಹನ್ನೆರಡು ವಾರ ಬಿಡಬೇಡ ಅಂದರೆ ಇವಳು ಇನ್ನೇನೆಂದು ತಿಳಿಯಬೇಕು? ಬೆಳಿಗ್ಗೆ ಸ್ನಾನ ಮಾಡಿ, ಗೋಡೆಯ ಗೂಡಿನ ದೇವರ ಮುಂದೆ ಕೂತು, ಕರಿ ಚಹಾ ಕುಡಿದು ಅಂಗೈ ತುಂಬ ಗುಳಿಗೆ ನುಂಗಿ, ಸಂಜೆಯ ತನಕ ಅನ್ನ ಮುಟ್ಟದೆ ಸಿಮೆಂಟು ಹೊತ್ತಿದ್ದಾಳೆ. ಖಾಲಿ ಹೊಟ್ಟೆ ಅಲ್ಲ ತಾನೆ ಅಂತ ನಾನು ಕೇಳಿದಾಗ ಇಲ್ಲ ಅಂದದ್ದೂ ನಿಜವೇ. ಚಹಾ ಕುಡಿದಿದ್ದಳು.

ನಗು ಬಂತು. ಅವಳೂ ನಕ್ಕಳು, ಯಾಕೆ ಅಂತ ತಿಳಿಯದೆಯೇ. ಆಮೇಲೆ ನೆನಪಾಯಿತು. ಈ ಸಾಲನ್ನು ನಾನು ಇವಳೊಬ್ಬಳಿಗೆ ಹೇಳಿದ್ದಲ್ಲ.

ವಾರದ ಔಷಧ ಹಿಡಿದಿದ್ದ ನಮ್ಮ ಕನ್ನಡದವರಿಗೆಲ್ಲ ಅವತ್ತೇ ಫೋನ್ ಹಚ್ಚಿದೆ. ಕುಂದಾಪುರ ಕಡೆಯ ಹೋಟೆಲ್ ಭಟ್ಟರೊಬ್ಬರು, "ವಾರ ಅಂದ್ರೆ ವಾರ ಅಲ್ವಾ ಮಾರಾಯ್ರೆ, ಏಳು ದಿನ. ನಾನು ನಾಲ್ಕು ಇಡ್ಲಿ ತಿಂದೇ ನುಂಗುದು" ಅಂದರು. ಕರಾವಳಿಯವರ ಮಟ್ಟಿಗೆ ನನ್ನ ಕಾಲೇಜಿನ ಕನ್ನಡ ನಡೆದಿತ್ತು. ನಮ್ಮ ಕಡೆಯವರಲ್ಲಿ ಹಲವರು ಉಪವಾಸವಿದ್ದೇ ನುಂಗುತ್ತಿದ್ದರು. ಘಾಟ್ಕೋಪರಿನ ಒಂದು ಸೊಸೈಟಿಯ ವಾಚ್‌ಮನ್ ಆಗಲೇ ಅರ್ಧ ದಾರಿ ದಾಟಿದ್ದ. ಪ್ರತಿ ವಾರ ಹೊಟ್ಟೆ ತೊಳಸಿ ಗೇಟಿನ ಪಕ್ಕ ತಲೆ ಹಿಡಿದುಕೊಂಡು ಕೂರುತ್ತಿದ್ದನಂತೆ. ನಾನು ಫೋನ್ ಮಾಡಿದಾಗಲೆಲ್ಲ ಆರಾಮ ಅಂದಿದ್ದ. ಯಾಕಪ್ಪಾ ಹೇಳಲಿಲ್ಲ ಅಂದೆ.

"ನೇಮ ಅಂದ ಮ್ಯಾಲ ಸ್ವಲ್ಪ ತ್ರಾಸ ಇರೂದ ಮೇಡಂ. ತ್ರಾಸ ಇಲ್ಲಂದ್ರ ಅದು ನೇಮ ಹೆಂಗ ಆಕ್ಕೈತಿ?"

 ನಮ್ಮ ಕೈಪಿಡಿಯಲ್ಲಿ ಔಷಧ ಬಿಡುವವರ ಬಗ್ಗೆ ಒಂದು ಅಧ್ಯಾಯವೇ ಇದೆ. ಯಾಕೆ ಬಿಡುತ್ತಾರೆ, ಹೇಗೆ ಹಿಡಿದು ತರಬೇಕು, ಏನು ನೆನಪಿಸಬೇಕು, ಎಲ್ಲ ಇದೆ. ನಾನು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದವಳು. ಕಣ್ಣು ಕತ್ತಲೆ ಬಂದರೂ, ಹೊಟ್ಟೆ ತಿರುಚಿದರೂ, ಮುಂದಿನ ವಾರ ಸ್ನಾನ ಮಾಡಿ ಮತ್ತೆ ದೇವರ ಮುಂದೆ ಕೂತು ನುಂಗುವವರ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಇಷ್ಟು ದಿನ ನಾನು ಇವರಿಗೆ ಔಷಧ ಬಿಡದಿರುವುದನ್ನು ಕಲಿಸುತ್ತಿದ್ದೇನೆ ಅಂದುಕೊಂಡಿದ್ದೆ.

ಉಳಿದವರದು ಸುಲಭವಾಗಿ ಬಗೆಹರಿಯಿತು. ವಾಚ್‌ಮನ್ ಒಬ್ಬನೇ ಇರುವವನು, ಉಂಡು ನುಂಗು ಅಂದರೆ ಆಯಿತು ಅಂದ. ಡಾಕ್ಟರಿಗೂ ಇದನ್ನೆಲ್ಲ ಹೇಳಿದೆ. ಅವರು ಹಣೆ ಮುಟ್ಟಿಕೊಂಡು, "ಅರೆ, ತೋ ಖಾನೇ ಕೋ ಬೋಲೋ ನಾ, ಸಿಂಪಲ್" ಅಂದರು. ಉಣ್ಣಲು ಹೇಳಿದರೆ ಆಯಿತಲ್ಲ, ಅಷ್ಟೇ.

ಭಾಂಡುಪಿನವಳಿಗೆ ಅದು ಅಷ್ಟು ಸಿಂಪಲ್ ಆಗಿರಲಿಲ್ಲ. ಮಂಗಳವಾರ ಹಿಡಿದಿದ್ದೇನೆ ಅಂತ ಅವಳು ಅತ್ತೆಗೆ ಹೇಳಿಯಾಗಿತ್ತು. ಹತ್ತಡಿಯ ಖೋಲಿಯಲ್ಲಿ ಯಾರ ಕಣ್ಣಿಗೂ ಬೀಳದೆ ಅಂಗೈ ತುಂಬ ಗುಳಿಗೆ ನುಂಗಲು ಬೇರೆ ಜಾಗವಿಲ್ಲ, ಬೇರೆ ಹೊತ್ತೂ ಇಲ್ಲ. ವಾರ ಹಿಡಿದವಳು ಗೂಡಿನ ಕಡೆ ಮುಖ ಮಾಡಿ ಕೂತಾಗ ಮಾತ್ರ ಅತ್ತೆ ಕರೆಯುವುದಿಲ್ಲ, ಹಿಂದೆ ಬಂದು ನಿಲ್ಲುವುದಿಲ್ಲ, ಬಾಯಿಗೆ ಏನು ಹಾಕಿಕೊಂಡೆ ಅಂತ ಕೇಳುವುದಿಲ್ಲ. ಇನ್ನು ಉಂಡು ಕೂತರೆ ಅದು ವಾರವೇ ಅಲ್ಲ, ಆ ಮರೆಯೂ ಇಲ್ಲ. ಬೇರೆ ದಿನಕ್ಕೆ ಬದಲಿಸೋಣವೆ ಅಂದೆ. ಬೇರೆ ದಿನ ಏನಂತ ಕೂರಲಿ ಅಂದಳು. ದಿನದ ಗುಳಿಗೆಗೆ ಹೋಗೋಣವೆ, ಆರು ತಿಂಗಳು ಅಂದೆ.

"ಒಂದು ಗುಳಿಗೀನ ಬಿಪಿದು ಅಂತ ನಂಬಿಸೀನ್ರಿ. ದಿನಾ ಎರಡು ನುಂಗಿದ್ರ ಎರಡನೇದು ಯಾತರದು ಅನ್ಲಿ?"

ಹಾಗಾದರೆ ಸದ್ಯಕ್ಕೆ ನಿಲ್ಲಿಸೋಣ, ಆಮೇಲೆ ನೋಡೋಣ ಅಂತ ನಾನು ಹೇಳಬಹುದಿತ್ತು. ಹೇಳಿದೆ ಕೂಡ. ಅವಳು ತಲೆ ಎತ್ತದೆ, ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಮಾತಾಡಿದಳು. "ಅಂವ ಅರ್ಧಕ್ಕ ಬಿಟ್ಟ. ನಾ ನೋಡೀನಿ, ಅರ್ಧಕ್ಕ ಬಿಟ್ರ ಏನಾಕ್ಕೈತಿ ಅಂತ. ನನಗ ಬಿಡಸಬ್ಯಾಡ್ರಿ ಅಕ್ಕಾರ."

ಅಲ್ಲಿಯವರೆಗೆ ಮೇಡಂ ಆಗಿದ್ದೆ. ಅಕ್ಕಾರ ಅಂದದ್ದು ಅವತ್ತೇ ಮೊದಲು.

ನಾನು ಕೇಳಿದೆ. "ಹಿಡದ ವಾರದ ನೇಮ ಬದಲಿ ಮಾಡಾಕ ಬರತೈತೇನು?"

"ಕೊಟ್ಟವರು ಬದಲಿ ಮಾಡಬಹುದ್ರಿ."

"ಕೊಟ್ಟವರು ಯಾರು?"

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು.

ಆ ನೋಟವನ್ನು ನಾನು ಮರೆಯಲಾರೆ. ಔಷಧಕ್ಕೂ ದೇವರಿಗೂ ಗಂಟು ಹಾಕಬೇಡಿ ಅಂತ ನಮಗೆ ಕಲಿಸಿದ್ದಾರೆ, ಅದು ಸರಿಯಾದ ಪಾಠ. ಗುಳಿಗೆ ಬಿಟ್ಟು ತಾಯತ ಕಟ್ಟಿಸಿಕೊಂಡವರನ್ನು ಸ್ಟ್ರೆಚರಿನ ಮೇಲೆ ಕಂಡಿದ್ದೇನೆ. ಈ ಫಲಕ, ಈ ಮೂರು ಅಕ್ಷರ, ಇವನ್ನೆಲ್ಲ ನಾನು ಕಷ್ಟಪಟ್ಟು ಗಳಿಸಿದ್ದು ಅಜ್ಜಿಯ ಹಾಗೆ ಗೂಡಿನ ಮುಂದೆ ಕೂತು ನೇಮ ಹೇಳುವುದಕ್ಕೆ ಅಲ್ಲ. ಆದರೆ ಎದುರಿಗೆ ಇದ್ದವಳು ಔಷಧ ಬೇಡ ಅನ್ನುತ್ತಿರಲಿಲ್ಲ. ಔಷಧವನ್ನು ಹಿಡಿದುಕೊಳ್ಳುವುದಕ್ಕೆ ಒಂದು ಹಿಡಿ ಕೊಡಿ ಅನ್ನುತ್ತಿದ್ದಳು. ಒಳಗೆ ಹೋಗಿ ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಜೋ ಭಗವಾನ್ ಪಹಲೇ ಖಾನಾ ಖಿಲಾತಾ ಹೈ, ಮೇರೇ ಕೋ ಚಲೇಗಾ" ಅಂದರು. ಮೊದಲು ಊಟ ಹಾಕುವ ದೇವರಾದರೆ ಅವರ ಅಭ್ಯಂತರವಿಲ್ಲ.

ಹೊರಗೆ ಬಂದು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

"ಈ ವಾರದ ನೇಮ ಕೇಳು ತಂಗಿ. ಇದರಾಗ ಉಪವಾಸ ಇರಂಗಿಲ್ಲ. ಮಂಗಳವಾರ ಮುಂಜಾನೆ ಹೊಟ್ಟಿ ತುಂಬ ರೊಟ್ಟಿ ಉಂಡ ಮ್ಯಾಲ ದೇವರ ಮುಂದ ಕೂಡಬೇಕು. ಉಣ್ಣದ ಕುಂತ್ರ ಗುಳಿಗಿ ಮುಟ್ಟಂಗಿಲ್ಲ. ಒಂದು ಮಂಗಳವಾರ ತಪ್ಪಿದ್ರ ಮರುದಿನ, ಲೆಕ್ಕ ಹಿಂದಕ್ಕ ಹೋಗಂಗಿಲ್ಲ. ಹನ್ನೆರಡಕ್ಕ ಮುಗೀತು."

ಅವಳು ಯಾವಾಗಲೋ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹೊರಗೆ ಟೋಕನ್ ನಂಬರು ಕೂಗುತ್ತಿದ್ದ ಗದ್ದಲದಲ್ಲಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು.  ನಾನು ಹೇಳಿದ ಒಂದು ಮಾತೂ ಸುಳ್ಳಲ್ಲ. ಎಲ್ಲವೂ ಸರಕಾರದ ಮಾರ್ಗಸೂಚಿಯಲ್ಲಿ ಇದ್ದದ್ದೇ. ಧಾಟಿ ಮಾತ್ರ ನನ್ನ ಅಜ್ಜಿಯದು.

ಮುಂದಿನ ವಾರ ಫೋನ್ ಮಾಡಿದಾಗ ಅವಳ ದನಿಯಲ್ಲಿ ನಗುವಿತ್ತು. ವಾಂತಿಯಿಲ್ಲ, ತಲೆ ತಿರುಗಿಲ್ಲ. ಆದರೆ ಅತ್ತೆ ಬಿಟ್ಟಿರಲಿಲ್ಲ. ಸ್ನಾನ ಮಾಡಿದ ಸೊಸೆ ದೇವರ ಮುಂದೆ ಕೂರುವ ಮೊದಲು ತಟ್ಟೆ ಮುಂದೆ ಕೂತದ್ದನ್ನು ಕಂಡು, ಇದೇನು ಹೊಸ ಪದ್ಧತಿ, ಉಂಡು ಮಾಡುವ ವಾರ ಯಾವ ದೇವರದು ಅಂತ ಜಾಡಿಸಿದಳಂತೆ. ನೀನೇನಂದೆ ಅಂತ ಕೇಳಿದೆ.

"ಈ ದೇವಿ ತಾನ ಹಸಗೊಂಡಾಕಿ ಅತ್ತಿ, ಮಂದೀನ ಉಪವಾಸ ಕೆಡವಂಗಿಲ್ಲ ಅಂದೆ. ಸುಮ್ಮನಾದಳ್ರಿ."

ಈ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ. ಮೂತ್ರ ಕೆಂಪಾಗುವ ಗೊಡವೆಯೂ ಇತ್ತು. ಚಾಳಿನ ಸಾರ್ವಜನಿಕ ಸಂಡಾಸಿನಲ್ಲಿ ಯಾರಾದರೂ ಕಂಡಾರು ಅಂತ ನಾನು ಹೆದರಿದ್ದೆ. ಹೆಚ್ಚು ನೀರು ಹಾಕುತ್ತೇನೆ ಅಂತ ಹೇಳಿ, ದನಿ ತಗ್ಗಿಸಿ, ದೇವಿ ಕುಂಕುಮ ಕೊಡಾಕತ್ಯಾಳ್ರಿ ಅಂದಳು. ನಾನು ನಕ್ಕಿದ್ದು ಪಕ್ಕದ ಕೋಣೆಗೆ ಕೇಳಿ ಡಾಕ್ಟರು ಇಣುಕಿದರು.

ವಾರಗಳು ಸರಿಯುತ್ತಿದ್ದವು. ಅರ್ಧ ದಾಟಿದ ಮೇಲೆ ಒಂದು ಮಂಗಳವಾರ, ಊಟದ ಬಿಡುವಿನಲ್ಲಿ ಅವಳೇ ಫೋನ್ ಮಾಡಿದಳು. ಹಿಂದೆ ಮಿಕ್ಸರಿನ ಸದ್ದು. ಅವತ್ತು ಅವಳ ಸೈಟಿನಲ್ಲಿ ಸ್ಲ್ಯಾಬ್ ಹಾಕುವ ದಿನ. ಸ್ಲ್ಯಾಬ್ ಅಂದರೆ ಶುರುವಾದದ್ದು ಮುಗಿಯುವವರೆಗೆ ನಿಲ್ಲುವ ಹಾಗಿಲ್ಲ, ನಸುಕಿನಲ್ಲೇ ಮುಕಾದಮ ಎಲ್ಲರನ್ನೂ ಕರೆಸಿದ್ದ. ಉಣ್ಣದೆ ಓಡಿದ್ದಳು. ಉಣ್ಣದೆ ಇದ್ದದ್ದರಿಂದ ಗುಳಿಗೆ ಮುಟ್ಟಿರಲಿಲ್ಲ. ಸರಿಯಾಗಿಯೇ ಮಾಡಿದೆ, ನಾಳೆ ತಗೋ, ಮುಂದಿನ ವಾರದಿಂದ ಮತ್ತೆ ಮಂಗಳವಾರವೇ ಅಂದೆ. ಆದರೂ ಮನಸ್ಸಿನಲ್ಲಿ ಅಳುಕು. ನಮ್ಮಲ್ಲಿ ತಪ್ಪಿದ ವಾರ ಅಂದರೆ ಕೆಟ್ಟ ವಾರ. ಮೊದಲಿನಿಂದ ಎಣಿಸಬೇಕು, ಇಲ್ಲವೇ ಕೈ ಬಿಡಬೇಕು. ಮನೆಯಲ್ಲಿ ಅತ್ತೆ ಹಾಗಂದುಬಿಟ್ಟರೆ, ಇವಳು ಬುಧವಾರ ಗೂಡಿನ ಮುಂದೆ ಕೂರುವುದು ಹೇಗೆ? ಏಳೆಂಟು ವಾರ ಹೊತ್ತು ತಂದದ್ದು ಅಲ್ಲೇ ಕುಸಿದುಬೀಳುತ್ತದೆ.

ಬುಧವಾರ ಅವಳ ಫೋನ್ ಬರಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಗುರುವಾರ ಸಂಜೆ ಎತ್ತಿದಳು. ಸ್ಲ್ಯಾಬಿನ ದಣಿವಿಗೆ ಅವಳು ಬುಧವಾರ ಬೆಳಿಗ್ಗೆ ಎಚ್ಚರವಿಲ್ಲದೆ ಮಲಗಿದ್ದಳಂತೆ. ಎಬ್ಬಿಸಿದವಳು ಅತ್ತೆ. ಸ್ಟೋವಿನ ಮೇಲೆ ರೊಟ್ಟಿ ಆಗಲೇ ಬೆಂದಿತ್ತು. ತಪ್ಪಿದರೆ ಮರುದಿನ ಅಂತ ನೀನೇ ಹೇಳಿದ್ದೆಯಲ್ಲ, ಏಳು, ಬಿಸಿ ಇರುವಾಗ ಉಣ್ಣು, ಉಂಡು ನಿನ್ನ ವಾರ ಮಾಡು ಅಂದಳಂತೆ. ಆಮೇಲೆ ತಾನೇ ಬಾಗಿಲು ಎಳೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತಳಂತೆ.

ಫೋನಿಟ್ಟು ನನ್ನ ಪಟ್ಟಿಯಲ್ಲಿ ಆ ಬುಧವಾರಕ್ಕೊಂದು ಗುರುತು ಹಾಕಿದೆ.

ಹನ್ನೆರಡೂ ಮುಗಿದವು. ಡಾಕ್ಟರು ತೂಕ ನೋಡಿದರು, ಅದೇ ನಾಲ್ಕು ಪ್ರಶ್ನೆ ಮತ್ತೆ ಕೇಳಿದರು, ನಾಲ್ಕಕ್ಕೂ ಇಲ್ಲ. ಮುಗಿಯಿತು ಅಂತ ನಾನು ಅವಳ ಕಾರ್ಡಿನ ಮೇಲೆ ಬರೆದೆ. ಅವಳು ಎದ್ದು ಹೋಗದೆ ಅಲ್ಲೇ ನಿಂತಳು. ವಾರ ಬಿಡಿಸುವುದಕ್ಕೆ ಬರಬೇಕು ಅಂದಳು. ನಮ್ಮ ಕಡೆ ವಾರ ಮುಗಿದ ದಿನ ಹೋಳಿಗೆ ಮಾಡಿ ನಾಲ್ಕು ಜನರಿಗೆ ಊಟ ಹಾಕುತ್ತಾರೆ. ನಾನು ಆಗುವುದಿಲ್ಲ ಅಂದೆ. ಈ ಕೆಲಸದಲ್ಲಿ ನಾವು ಯಾರ ಮನೆಗೂ ಸುಮ್ಮನೆ ಹೋಗುವವರಲ್ಲ. ನಾನು ಬಾಗಿಲಿಗೆ ಹೋದರೆ ಅವಳ ಗುಟ್ಟೂ ನನ್ನ ಜೊತೆ ಬಾಗಿಲಿಗೆ ಹೋದ ಹಾಗೆ.

"ಕೊಟ್ಟಾಕಿ ಉಣ್ಣಲಿಲ್ಲಂದ್ರ ವಾರ ಬಿಡಾಕ ಬರಂಗಿಲ್ರಿ ಅಕ್ಕಾರ. ನಮ್ಮ ಊರ ಕಡೆ ಅಕ್ಕಾ ಒಬ್ಬಾಕಿ ಸಿಕ್ಕಾಳ ಅಂತ ಅತ್ತೀಗೆ ಹೇಳೀನಿ."

ಡಾಕ್ಟರಿಗೆ ಹೇಳಿ, ಆಸ್ಪತ್ರೆಯ ಗುರುತಿನ ಚೀಟಿಯನ್ನು ಮೇಜಿನ ಡ್ರಾಯರಿನಲ್ಲಿಟ್ಟು, ರಜೆಯ ದಿನ ಹೋದೆ. ಭಾಂಡುಪ್ ಸ್ಟೇಶನ್ನಿನಿಂದ ರಿಕ್ಷಾ ಗುಡ್ಡದ ಬುಡದವರೆಗೆ. ಅಲ್ಲಿಂದ ಮೇಲೆ ನಡಿಗೆ. ನೀಲಿ ಡ್ರಮ್ಮುಗಳ ನಡುವಿನ ಓಣಿಯಲ್ಲಿ ಒಂದೊಂದು ಬಾಗಿಲು ದಾಟುವಾಗಲೂ ಒಂದೊಂದು ಒಗ್ಗರಣೆಯ ವಾಸನೆ. ಅವಳ ಖೋಲಿಯಲ್ಲಿ ಅಕ್ಕಪಕ್ಕದ ಹೆಂಗಸರು ಆಗಲೇ ಉಂಡು ಎದ್ದಿದ್ದರು. ನನ್ನ ತಟ್ಟೆಯನ್ನು ಬೇರೆ ಇಟ್ಟಿದ್ದರು. ಗೋಡೆಯಲ್ಲಿ ಗೂಡು, ಗೂಡಿನಲ್ಲಿ ಬೆಳ್ಳಗೆ ತಿಕ್ಕಿದ ಸಣ್ಣ ದೇವಿ. ಪಕ್ಕದಲ್ಲಿ ಮಗನ ಫೋಟೋ. ಸೊಸೆ ಸ್ಟೋವಿನ ಹತ್ತಿರ ಹೋಳಿಗೆ ತಿರುವುತ್ತಿದ್ದಳು. ಅತ್ತೆ ಸಣ್ಣ ಮೈಯ ಮುದುಕಿ, ಅಂಗೈ ಮಾತ್ರ ದೊಡ್ಡವು. ಎದುರಿಗೆ ಕೂತು ತಾನೇ ಬಡಿಸಿದಳು.

"ನೀನ ಏನು ಈ ವಾರ ಕೊಟ್ಟಾಕಿ?"

ಹೌದು ಅಂದೆ. ಸೊಸೆಯ ಕೈ ತವೆಯ ಮೇಲೆ ನಿಂತಿತು.

"ಉಂಡು ಹಿಡದ ಅಷ್ಟೂ ವಾರ ನಾನ ರೊಟ್ಟಿ ಬಡದೀನಿ. ಯಾವ ದೇವರು ಅಂತ ಆಮ್ಯಾಲ ನಾ ಕೇಳಿಲ್ಲ, ಆಕಿ ಹೇಳಿಲ್ಲ." ಮುದುಕಿ ತುಪ್ಪದ ಚಮಚ ಕೈಯಲ್ಲೇ ಹಿಡಿದು ಮಗನ ಫೋಟೋ ಕಡೆ ನೋಡಿದಳು. "ನನ್ನ ಮಗಾ ಇದ್ದಾಗ ಎಲ್ಲಿ ಇದ್ದಿ ತಂಗಿ? ಅಂವಗೂ ಒಂದು ವಾರ ಹಿಡಸೂದಿತ್ತು."

ಅವಳಿಗೆ ಎಷ್ಟು ಗೊತ್ತಿತ್ತು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೇಳಲಿಲ್ಲ, ಸೊಸೆಯೂ ಕೇಳಿಲ್ಲ. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು, ಹೆಸರು ಕೇಳದ ಒಂದು ದೇವರಿಗೆ, ಪ್ರತಿ ವಾರ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದಿದ್ದಳು. ಅವಳ ಮುಂದೆ ತಟ್ಟೆಗೆ ಕೈ ಹಾಕಲು ಆಗಲಿಲ್ಲ.

ಅವಳು ನನ್ನ ಹೋಳಿಗೆಯ ಮೇಲೆ ತುಪ್ಪ ಸುರಿದಳು. ತಟ್ಟೆಯನ್ನು ನನ್ನ ಮೊಣಕಾಲಿಗೆ ತಾಗುವ ಹಾಗೆ ಸರಿಸಿದಳು.

"ಉಣ್ಣು. ಈ ದೇವರ ಮುಂದ ಉಪವಾಸ ಕೂಡಂಗಿಲ್ಲಂತ."

ಹೊಟ್ಟೆ ತುಂಬ ಉಂಡೆ.